ಕೈ ತೊಳೆದುಕೊಂಡ ಕಾರ್ಯಕ್ರಮ

ಜೂನ್ 7 ವಿಶ್ವ ಆಹಾರ ಸುರಕ್ಷತಾ ದಿನವಂತೆ. ಕೊಡಗಿನಲ್ಲಿ ಅದು ಮಳೆ ಹಿಡಿದು, ಮರ ಬಿದ್ದು, ಕರೆಂಟು ಹೋಗುವ ಕಾಲ. ಗೃಹಿಣಿಯರಿಗೆ ಅಡುಗೆಮನೆಯ ಶುಚಿತ್ವ ಕಲಿಸಬೇಕು ಅಂತ ಅವತ್ತೇ ಯಾರಿಗೋ ಹೊಳೆಯಿತು. ಮಡಿಕೇರಿಯ ಒಂದು ಸಭಾಂಗಣಕ್ಕೆ ನಾವೆಲ್ಲ ಕೊಡೆ ಹಿಡಿದು ಹೋದೆವು. ಹತ್ತು ಗಂಟೆಗೆ ಅಂದಿದ್ದರು. ಮುಖ್ಯ ಅತಿಥಿ ಬಂದಾಗ ಹನ್ನೆರಡೂವರೆ.

ಮೊದಲು ಒಂದು ಪ್ರಶ್ನೆಪತ್ರಿಕೆ. ಅಡುಗೆಗೆ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತೀರಾ? ಹೌದು. ಹಸಿ ಮಾಂಸ ಹೆಚ್ಚಿದ ಕತ್ತಿಯಲ್ಲೇ ಸೌತೆಕಾಯಿ ಹೆಚ್ಚುತ್ತೀರಾ? ಛೇ, ಇಲ್ಲಪ್ಪ. ಮಸಿಬಟ್ಟೆಯನ್ನು ದಿನಾ ಒಗೆದು ಒಣಗಿಸುತ್ತೀರಾ? ಇಲ್ಲಿ ಪೆನ್ನು ಸ್ವಲ್ಪ ತಡೆಯಿತು. ನಮ್ಮನೆ ಮಸಿಬಟ್ಟೆ ಜೂನ್‌ನಲ್ಲಿ ಒದ್ದೆಯಾದರೆ ಒಣಗುವುದು ದಸರಾ ಹೊತ್ತಿಗೆ. ಅದೇ ಬಟ್ಟೆಯಲ್ಲಿ ಪಾತ್ರೆ ಇಳಿಸುತ್ತೇನೆ, ಕಟ್ಟೆ ಒರೆಸುತ್ತೇನೆ, ಯಾರೂ ನೋಡದಿದ್ದರೆ ತಟ್ಟೆಯನ್ನೂ ಒರೆಸುತ್ತೇನೆ. ಮೆಲ್ಲಗೆ ಪಕ್ಕದ ಅಕ್ಕನ ಹಾಳೆ ಇಣುಕಿದೆ. 'ಹೌದು' ಅಂತ ಗೀಟು ಹಾಕಿದ್ದರು. ನಾನೂ ಹಾಕಿದೆ. ಎಲ್ಲರಿಗೂ ನೂರಕ್ಕೆ ನೂರು!

ಆಮೇಲೆ ಪಾಠ. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳಿಗೆ ಹಬ್ಬ, ಬೇಯಿಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ, ಫ್ರಿಜ್ಜಿನಲ್ಲಿಡಿ.

"ಮೂರು ದಿನದಿಂದ ಕರೆಂಟಿಲ್ಲ ಸಾರ್" ಎಂದರು ಹಿಂದಿನ ಸಾಲಿನ ಅಜ್ಜಿ.

"ಅದು ನಮ್ಮ ಇಲಾಖೆಗೆ ಬರಲ್ಲಮ್ಮ."

ಈ ಅಜ್ಜಿ ಬೈಂಬಳೆ, ಅಂದರೆ ಕಳಲೆ, ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿಟ್ಟು, ಆಮೇಲೇ ಒಲೆಗೆ ಇಡುವವರು. ಎಳೆ ಬಿದಿರಿನಲ್ಲಿ ಸಯನೈಡ್ ಅಂಶ ಇರುತ್ತದೆ ಅಂತ ಅವರಿಗೆ ಯಾರೂ ಪರದೆ ಮೇಲೆ ತೋರಿಸಿರಲಿಲ್ಲ. ಅವರಿಗೂ ಅವತ್ತು ಇಪ್ಪತ್ತು ಸೆಕೆಂಡ್ ಕೈ ಉಜ್ಜುವುದು ಹೇಗೆ ಅಂತ ಗಾಳಿಯಲ್ಲಿ ಕಲಿಸಿದರು.

ಗಾಳಿಯಲ್ಲೇ ಯಾಕೆ ಅಂದರೆ, ನಲ್ಲಿಯಲ್ಲಿ ನೀರಿರಲಿಲ್ಲ. ಜನರೇಟರ್ ಇತ್ತು, ಆದರೆ ಅದು ಪ್ರೊಜೆಕ್ಟರಿಗೆ ಮತ್ತು ಮೈಕಿಗೆ. ಪಂಪಿಗೆ ಸಾಲದಂತೆ. ನಲ್ಲಿಯ ಮೇಲೆ 'ಕೈ ತೊಳೆಯಿರಿ' ಅನ್ನುವ ಹೊಸ ಪೋಸ್ಟರ್ ಮಾತ್ರ ಮಿರಮಿರ ಮಿಂಚುತ್ತಿತ್ತು.

ಊಟದ ಡಬ್ಬಿಗಳು ಹತ್ತಕ್ಕೇ ಬಂದು ವೇದಿಕೆ ಪಕ್ಕ ಕೂತಿದ್ದವು. ಬಿಚ್ಚಿದಾಗ ಎರಡು ಗಂಟೆ. ಕೋಳಿ ಪಲಾವ್, ಮೊಸರು ಬಜ್ಜಿ. ಬೆರಳು ಮಡಚಿ ಲೆಕ್ಕ ಹಾಕಿದೆವು, ನಾಲ್ಕು ತಾಸು. "ಪರವಾಗಿಲ್ಲ, ಚಳಿ ಇದೆಯಲ್ಲ" ಎಂದರು ಪಾಠ ಮಾಡಿದವರು, ಕೋಳಿ ಕಾಲು ಕಚ್ಚುತ್ತಾ. ಹಸಿವಾಗಿತ್ತು. ನಾವೂ ತಿಂದೆವು.

ತಿಂದ ಕೈ ಏನು ಮಾಡುವುದು? ಅಜ್ಜಿಯೇ ಮೊದಲು ಎದ್ದು ಜಗಲಿಗೆ ಹೋಗಿ, ಹೆಂಚಿನ ಸೂರಿನಿಂದ ಧೋ ಅಂತ ಸುರಿಯುತ್ತಿದ್ದ ನೀರಿಗೆ ಕೈಯೊಡ್ಡಿದರು. ಹಿಂದೆ ನಾವು. ನಮ್ಮ ಹಿಂದೆ, ಕೋಟಿನ ತೋಳು ಮೇಲಕ್ಕೆ ಮಡಚಿಕೊಂಡು ಮುಖ್ಯ ಅತಿಥಿ. ಯಾರೋ ಫೋಟೋ ಹೊಡೆದರು.

ಮರುದಿನ ವಾಟ್ಸಾಪಿನಲ್ಲಿ ಆ ಫೋಟೋ ಬಂತು. ಕೆಳಗೆ ಬರೆದಿತ್ತು: 'ಗೃಹಿಣಿಯರಿಗೆ ಕೈ ತೊಳೆಯುವ ಪ್ರಾತ್ಯಕ್ಷಿಕೆ ನೀಡುತ್ತಿರುವ ಮುಖ್ಯ ಅತಿಥಿಗಳು.'