ಹಿಂದುಗಡೆ ಟಕ ಟಕ

"ಹಾಡು ಜೋರಾಗಿ ಹಾಕ್ಕೊಳಿ ಸಾರ್, ಕೇಳ್ಸಲ್ಲ" ಅಂದ ಗ್ಯಾರೇಜಿನ ಹುಡುಗ, ಕಾರಿನ ಹಿಂದುಗಡೆಯ ಟಕ ಟಕ ಸದ್ದಿಗೆ ಮದ್ದು ಕೇಳಿದ್ದಕ್ಕೆ. ಮನಸಾರೆ ಬಯ್ದೆ, ಮನಸ್ಸಿನಲ್ಲೇ. ಹಾಡು ಹಾಕಬೇಕಾದ ಡಬ್ಬಿಯೇ ಆ ಕಾರಿನಲ್ಲಿಲ್ಲ. ತೂಕ ಕಮ್ಮಿಯಾಗಲಿ ಅಂತ ಅದನ್ನೂ ಕಿತ್ತಾಗಿದೆ.

ಕಾರು ನನ್ನದಲ್ಲ, ಅಕ್ಕನ ಮಗನದು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಸಾಲ ತೀರಿದ ಹಳೆಯ ಹ್ಯಾಚ್‌ಬ್ಯಾಕಿಗೆ ಗಿಡ್ಡ ಸ್ಪ್ರಿಂಗು, ಬಿರುಸು ಶಾಕಪ್ಪು ಹಾಕಿಸಿ ನೆಲಕ್ಕೆ ತಗ್ಗಿಸಿದ್ದಾನೆ. ಹಿಂದಿನ ಸೀಟು, ನೆಲದ ಮ್ಯಾಟು, ಸ್ಟೆಪ್ನಿ ಎಲ್ಲಕ್ಕೂ ವಿದಾಯ. ಆಗಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದು ಓಡಿಸುತ್ತಾನೆ. 3.7 ಕಿ.ಮೀ. ಸುತ್ತು, 12 ತಿರುವು. ಅರ್ಧ ಸೆಕೆಂಡು ಉಳಿಸಿದೆ ಮಾವ ಅಂತ ರಾತ್ರಿ ಫೋನು ಮಾಡುತ್ತಾನೆ. ಉಳಿಸಿದ ಅರ್ಧ ಸೆಕೆಂಡಿನಲ್ಲಿ ಏನು ಮಾಡಿದೆಯಪ್ಪಾ ಅಂತ ಕೇಳಬಾರದು, ಅಕ್ಕನಿಗೆ ಬೇಜಾರಾಗುತ್ತೆ. ಅವನ ಅಪಾರ್ಟ್‌ಮೆಂಟಿನಲ್ಲಿ ಒಂದೇ ಕಾರಿಗೆ ಜಾಗ, ಅಲ್ಲಿ ಮರ್ಯಾದಸ್ಥ ಕಾರು ನಿಂತಿದೆ. ಆದ್ದರಿಂದ ಇದು ಗೌರಿಬಿದನೂರಿನಲ್ಲಿ, ನಮ್ಮ ಮನೆಯ ಶೀಟಿನ ಕೆಳಗೆ. "ವಾರಕ್ಕೊಂದ್ಸಲ ಓಡಿಸ್ತಾ ಇರಿ ಮಾವ, ಬ್ಯಾಟರಿ ಇಳಿದುಹೋಗುತ್ತೆ" ಅಂತ ಅಪ್ಪಣೆ.

ಕಳೆದ ಬಾರಿ ಟ್ರ್ಯಾಕಿನಿಂದ ಬಂದಾಗಿನಿಂದ ಹಿಂದುಗಡೆ ಟಕ ಟಕ. ನಮ್ಮೂರಿನಿಂದ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೊರಟರೆ ಪ್ರತಿ ಹಂಪಿನ ಮೇಲೂ ಅದರ ಹಾಜರಿ. ಎಂಬತ್ತರಲ್ಲಿ ಹೋದರೆ ಸುಮ್ಮನಿರುತ್ತೆ. ಇಪ್ಪತ್ತಕ್ಕೆ ಇಳಿಸಿ ಮೆಲ್ಲಗೆ ಹತ್ತಿಸಿ ಇಳಿಸಿದರೆ, ಎಡಗಡೆ ಒಂದು ಟಕ್, ಆಮೇಲೆ ಬಲಗಡೆಯೋ ನಡುವೆಯೋ ಇನ್ನೊಂದು. ಹಂಪುಗಳದ್ದೇ ಬೇರೆ ದುಃಖ. ರಸ್ತೆ ಹಂಪು ಹೇಗಿರಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕವಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ಅಲ್ಲಿ ಟ್ರ್ಯಾಕು 3.7 ಕಿಲೋಮೀಟರು, ಇಲ್ಲಿ ಹಂಪು 3.7 ಮೀಟರು ಅಂತ ನನಗೊಂದು ಸಣ್ಣ ಖುಷಿ. ಆದರೆ ನಮ್ಮ ಹಳ್ಳಿಗಳ ಮುಂದಿನ ಹಂಪಿನ ಅಗಲ ಒಂದು ಮೊಳ, ಎತ್ತರ ಹಾಕಿಸಿದವರ ಸಿಟ್ಟು ಎಷ್ಟಿತ್ತೋ ಅಷ್ಟು. ಬಣ್ಣವಿಲ್ಲ, ಬೋರ್ಡಿಲ್ಲ. ಒಂದು ಹುಡುಗನಿಗೆ ಬೈಕು ತಾಗಿದ ಮಾರನೆಯ ದಿನ ಎದ್ದು ನಿಂತವು, ಇನ್ನು ಯಾರೂ ತೆಗೆಯುವುದಿಲ್ಲ. ತೆಗೆಯಿರಿ ಅಂದವನೇ ಊರಿಗೆ ಕೆಟ್ಟವನು.

ಟ್ರ್ಯಾಕಿನಲ್ಲಿ ಸದ್ದು ಬರುತ್ತಿತ್ತಾ ಅಂತ ಅಳಿಯನನ್ನು ಕೇಳಿದೆ. "ಇಲ್ವೇ ಇಲ್ಲ ಮಾವ, ಅಲ್ಲಿ ಸೂಪರಾಗಿತ್ತು." ತಲೆಗೆ ಹೆಲ್ಮೆಟ್ಟು, ಒಳಗೆ ಒಂದು ಬಟ್ಟೆಯ ಮುಸುಕು, ಕಿತ್ತು ಬರಿದಾದ ಕಾರು, ಕೂಗುವ ಸೈಲೆನ್ಸರು. ಅವನಿಗೆ ಹಿಂದುಗಡೆಯ ಬಂಪರು ಬಿದ್ದುಹೋಗಿದ್ದರೂ ಕೇಳುತ್ತಿರಲಿಲ್ಲ.

ಸದ್ದಿರುವ ಕಾರಿಗೆ ಸಲಹೆಗಾರರು ಬೇಗ ಸಿಗುತ್ತಾರೆ. ಪೆಟ್ರೋಲ್ ಬಂಕಿನವನು ಸೈಲೆನ್ಸರಿನ ರಬ್ಬರು ಅಂದ. ಹಾಲಿನವನು ಜಾಕಿ ಅಲ್ಲಾಡುತ್ತಿದೆ ಅಂದ. ಜಾಕಿಯೇ ಇಲ್ಲವಪ್ಪಾ ಅಂದರೆ, "ಅದಕ್ಕೇ ಮತ್ತೆ" ಅಂದ. ಅದಕ್ಕೇ ಏನು ಅಂತ ಇವತ್ತಿಗೂ ತಿಳಿದಿಲ್ಲ. ಒಬ್ಬ ಮೆಕ್ಯಾನಿಕ್ಕು ಕಾರಿನ ಕೆಳಗೆ ಬಗ್ಗಿ ಕೂಡ ನೋಡದೆ ಎರಡೂ ಶಾಕಪ್ ಬದಲಾಯಿಸೋಣ, ಹೋಗದಿದ್ದರೆ ಆಕ್ಸಲ್ ಬುಷ್ಷು, ಅದಕ್ಕೂ ಹೋಗದಿದ್ದರೆ ಆಮೇಲೆ ನೋಡೋಣ ಅಂದ. ಈ 'ಬದಲಾಯಿಸಿ ನೋಡೋಣ' ಅನ್ನುವ ವೈದ್ಯ ನನಗೆ ಎಂದಿಗೂ ಸರಿಹೋಗಿಲ್ಲ. ಬದಲಾಯಿಸುವುದು ಅವನು, ನೋಡುವುದು ನಾನು.

ಎದುರು ಮನೆಯ ನಿವೃತ್ತ ಓವರ್‌ಸೀಯರ್ ಸಾಹೇಬರು ಮಾತ್ರ ಕಾರಿನ ತಂಟೆಗೆ ಬರಲಿಲ್ಲ, ನೇರ ವಿಶ್ವೇಶ್ವರಯ್ಯನವರಿಗೆ ಬಂದರು. ರೈಲಿನಲ್ಲಿ ಕೂತಿದ್ದಾಗ ಹಳಿಯ ಸದ್ದು ಬದಲಾಗಿದ್ದು ಕೇಳಿ ಸರಪಳಿ ಎಳೆದರಂತೆ, ಮುಂದೆ ನೋಡಿದರೆ ಹಳಿ ಬಿರುಕು ಬಿಟ್ಟಿತ್ತಂತೆ. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಕಥೆಯಿಂದ ಬಿಡುಗಡೆಯಿಲ್ಲ. ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿ. ಸೆಪ್ಟೆಂಬರ್ 15 ಬಂತೆಂದರೆ ಮೊಬೈಲಿಗೆ ಅದೇ ಕಥೆ, ಒಮ್ಮೊಮ್ಮೆ ರೈಲು ಇಂಗ್ಲೆಂಡಿನಲ್ಲಿ ಓಡುತ್ತದೆ, ಒಮ್ಮೊಮ್ಮೆ ಇಲ್ಲೇ. ನಿಜವೋ ಕಟ್ಟಿದ್ದೋ, ಆ ಮಹಾನುಭಾವರ ಬಗ್ಗೆ ನನಗೆ ಗೌರವ ಕಮ್ಮಿಯಿಲ್ಲ. ಆದರೆ ಓವರ್‌ಸೀಯರ್ ಸಾಹೇಬರು ಕಥೆ ಮುಗಿಸಿ, "ಕಿವಿ ಇರಬೇಕು ಸ್ವಾಮಿ" ಅಂತ ನನ್ನ ಕಿವಿಯನ್ನೇ ನೋಡಿದರು ನೋಡಿ, ಅದು ಸರಿಯಲ್ಲ. ನನಗೆ ಎರಡು ಕಿವಿ ಇವೆ. ಒಂದು ಎಡಗಡೆ ಅನ್ನುತ್ತೆ, ಇನ್ನೊಂದು ಬಲಗಡೆ ಅನ್ನುತ್ತೆ.

ಕಿವಿಯ ಮಾತು ಬಂದರೆ ನಮ್ಮೂರಿನವರು ವಿಶ್ವೇಶ್ವರಯ್ಯನವರನ್ನು ಎಳೆದು ತರುವ ಅಗತ್ಯವೇ ಇಲ್ಲ. ಗೌರಿಬಿದನೂರಿಗೇ ಒಂದು ಕಿವಿಯಿದೆ. ಒಂದಲ್ಲ, ಇಪ್ಪತ್ತು. 1963ರಲ್ಲಿ ದೊಡ್ಡ ದೇಶಗಳು ಇನ್ನು ಆಕಾಶದಲ್ಲಿ, ಸಮುದ್ರದಲ್ಲಿ ಅಣುಬಾಂಬ್ ಸಿಡಿಸುವುದಿಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿದವು. ನೆಲದೊಳಗೆ ಸಿಡಿಸುವುದನ್ನು ಬಿಡುತ್ತೇವೆ ಅನ್ನಲಿಲ್ಲ. ಹಾಗಾದರೆ ಯಾರು ಎಲ್ಲಿ ಸಿಡಿಸಿದರು ಅಂತ ತಿಳಿಯಬೇಕಲ್ಲ, ಅದಕ್ಕೆ ನೆಲಕ್ಕೆ ಕಿವಿ ಹಚ್ಚಿ ಕೇಳುವ ಕೇಂದ್ರಗಳು ಬೇಕಾದವು. ಬ್ರಿಟನ್ನಿನ ಅಣುಶಕ್ತಿಯವರ ಸಹಕಾರದಲ್ಲಿ 1965ರಲ್ಲಿ ನಮ್ಮಲ್ಲಿ ಒಂದಾಯಿತು. ಅದರ ಅಕ್ಕತಂಗಿಯರು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ. ಈ ಸಾಲಿನಲ್ಲಿ ಗೌರಿಬಿದನೂರು! ಬೆಂಗಳೂರಿನಲ್ಲಿ ಊರ ಹೆಸರು ಹೇಳಿದರೆ ಎಲ್ಲಿ ಬರುತ್ತೆ ಅನ್ನುವವರಿಗೆ ನಾನಿದನ್ನು ವಿವರವಾಗಿ ಹೇಳುತ್ತೇನೆ. ಅವರಿಗೆ ಬೇಕಿರುವುದು ಹಿಂದೂಪುರದ ಹತ್ತಿರ ಅನ್ನುವ ಒಂದೇ ಮಾತು, ಆದರೂ ಹೇಳುತ್ತೇನೆ.

ಇಲ್ಲಿನ ಬಂಡೆ ಹಳೆಯದು, ಗಟ್ಟಿ. ಸಮುದ್ರದ ಅಲೆಯ ಗಲಾಟೆಯೂ ದೂರ. ಹೊಲಗಳ ನಡುವೆ ದೊಡ್ಡ 'ಎಲ್' ಆಕಾರದಲ್ಲಿ, ಎರಡೂ ತೋಳು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಚಾಚಿಕೊಂಡು, ಇಪ್ಪತ್ತು ಕಂಪನಮಾಪಕಗಳನ್ನು ಹೂತರು. ದೂರದಿಂದ ಬಂದ ಕಂಪನ ಒಂದನ್ನು ಮೊದಲು ಮುಟ್ಟುತ್ತೆ, ಪಕ್ಕದ್ದನ್ನು ಆಮೇಲೆ, ಕೊನೆಯದನ್ನು ಕಡೆಗೆ. ಈ ಹಿಂದುಮುಂದಿನ ಲೆಕ್ಕ ಹಿಡಿದರೆ ಅದು ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬಂತು ಅಂತ ಗೊತ್ತಾಗುತ್ತೆ. ಇದಕ್ಕಿಂತ ಚೆಂದ ಇನ್ನೊಂದಿದೆ. ಪ್ರತಿಯೊಂದರ ಪಕ್ಕದಲ್ಲೂ ಟ್ರ್ಯಾಕ್ಟರು ಓಡುತ್ತೆ, ಬೋರ್‌ವೆಲ್ ಮೋಟರು ಗುಡುಗುಡುತ್ತೆ, ಜನ ಓಡಾಡುತ್ತಾರೆ. ಇಪ್ಪತ್ತೂ ಗೆರೆಗಳನ್ನು ಆ ತಡದ ಲೆಕ್ಕದಂತೆ ಹಿಂದೆ ಮುಂದೆ ಸರಿಸಿ ಒಂದರ ಮೇಲೊಂದು ಕೂಡಿಸಿದರೆ, ಅಲ್ಲಲ್ಲಿನ ಗಲಾಟೆ ಒಂದಕ್ಕೊಂದು ಹೊಡೆದು ಅಡಗಿಹೋಗುತ್ತೆ. ಎಲ್ಲರಿಗೂ ಸಮಾನವಾಗಿ ಬಂದ ದೂರದ ಸದ್ದು ಮಾತ್ರ ಬಲವಾಗಿ ಎದ್ದು ನಿಲ್ಲುತ್ತೆ. 1998ರ ಮೇ 28ರಂದು ಪಾಕಿಸ್ತಾನದವರು ಚಾಗೈ ಜಿಲ್ಲೆಯ ಬೆಟ್ಟದೊಳಗೆ ಸಿಡಿಸಿದ ಅಣುಬಾಂಬ್, ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಇಲ್ಲಿ ದಾಖಲಾಯಿತು. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವುದನ್ನು ಕೂಗಿ ಹೇಳಿದರೂ ಪಕ್ಕದವನಿಗೆ ಕೇಳುವುದಿಲ್ಲ, ಅದು ಬೇರೆ.

ನನ್ನ ಇಪ್ಪತ್ತು ಸಲಹೆಗಾರರನ್ನೂ ಹೀಗೆ ಒಂದರ ಮೇಲೊಂದು ಕೂಡಿಸಿ ನೋಡಿದೆ. ಪೂರ್ತಿ ಹೊಡೆದು ಹೋಯಿತು, ಏನೂ ಉಳಿಯಲಿಲ್ಲ.

ಕಾರಿಗೂ ಇಂಥದ್ದೇ ಸಾಮಾನು ಸಿಗುತ್ತೆ ಅಂತ ಅಳಿಯ ಹೇಳಿದ. ಕ್ಲಿಪ್ಪಿನ ಸಣ್ಣ ಮೈಕುಗಳನ್ನು ಶಾಕಪ್ಪಿಗೊಂದು, ಆಕ್ಸಲ್ಲಿಗೊಂದು, ಬ್ರೇಕ್ ಡ್ರಮ್ಮಿಗೊಂದು ಕಚ್ಚಿಸಿ, ಓಡಿಸುತ್ತಾ ಹೆಡ್‌ಫೋನಿನಲ್ಲಿ ಒಂದೊಂದನ್ನೇ ಕೇಳುವುದು. ನಮ್ಮಲ್ಲಿ ಅದಕ್ಕೆ ಬದಲು ಬಾಮೈದುನ ಇದ್ದಾನೆ. ಡಿಕ್ಕಿಯಲ್ಲಿ ಅವನನ್ನು ಕೂರಿಸಿ ಲೇಔಟಿನ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಕಾರು ಬಿಟ್ಟೆ. ಒಂದು ಗುಂಡಿ ದಾಟಿದ ಮೇಲೆ, "ಭಾವ, ಎಲ್ಲಾ ಕಡೆಯಿಂದಲೂ ಬರ್ತಾ ಇದೆ" ಅಂದ. ಅವನದು ತಪ್ಪಲ್ಲ. ಸೀಟು, ಮ್ಯಾಟು ಇಲ್ಲದ ತಗಡಿನಲ್ಲಿ ಒಂದು ಮೂಲೆಯ ಸದ್ದು ಇನ್ನೊಂದು ಮೂಲೆಯಲ್ಲಿ ಎದ್ದು ಕೂಗುತ್ತೆ. ಹ್ಯಾಂಡ್ ಬ್ರೇಕನ್ನು ಒಂದೆರಡು ಹಲ್ಲು ಎಳೆದುಕೊಂಡು ಮೆಲ್ಲಗೆ ಹೋದೆ. ಡ್ರಮ್ಮಿನೊಳಗೆ ಬ್ರೇಕ್ ಶೂ ಅಲ್ಲಾಡುತ್ತಿದ್ದರೆ ಅಷ್ಟಕ್ಕೆ ನಿಲ್ಲಬೇಕು. ನಿಲ್ಲಲಿಲ್ಲ. ಸೈಲೆನ್ಸರನ್ನು ತಣ್ಣಗಿದ್ದಾಗ ಗುದ್ದಿದೆ, ಅದು ತೂಗಾಡಿತೇ ಹೊರತು ಎಲ್ಲಿಗೂ ತಾಗಲಿಲ್ಲ. ಬಾಮೈದುನ ಡಿಕ್ಕಿಯನ್ನು ಒತ್ತಿ ಬಿಡುತ್ತಿದ್ದರೆ ನಾನು ಶಾಕಪ್ಪಿನ ಮೇಲ್ತುದಿಗೆ ಅಂಗೈ ಇಟ್ಟೆ. ನಟ್ಟು ಸಡಿಲವಿದ್ದರೆ ಕೈಗೇ ಏಟು ತಿಳಿಯುತ್ತೆ. ಇಂಥ ಕೆಲಸಕ್ಕೆ ಕಿವಿಗಿಂತ ಕೈ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಓವರ್‌ಸೀಯರ್ ಸಾಹೇಬರು ಏನಾದರೂ ಅಂದುಕೊಳ್ಳಲಿ. ಅದೂ ಬಿಗಿಯಾಗಿತ್ತು.

ಕೊನೆಗೆ ಹಿಂದೂಪುರದ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿರುವ ಭಾಯ್ ಹತ್ತಿರ ಹೋದೆ. ಅವರು ಕಾರನ್ನು ಓಡಿಸಿ ನೋಡುವುದಿಲ್ಲ. "ಗಾಡಿ ಮಾತಾಡೋದು ನಿಮ್ಮ ಹತ್ರ, ನನ್ನ ಹತ್ರ ಬಂದ್ರೆ ಸುಮ್ಮನಾಗುತ್ತೆ ಸಾರ್" ಅಂದರು. ಜಾಕಿ ಕೊಟ್ಟು, ಸ್ಟ್ಯಾಂಡಿಟ್ಟು, ಹಿಂದಿನ ಎರಡು ಚಕ್ರಗಳನ್ನೂ ನೇತಾಡಿಸಿದರು. ಸ್ಪ್ರಿಂಗನ್ನು ಹಿಡಿದು ಬಳೆ ತಿರುಗಿಸಿದ ಹಾಗೆ ಒಂದು ಸುತ್ತು ತಿರುಗಿಸಿದರು.

ಸ್ಪ್ರಿಂಗು ಗಿಡ್ಡ, ಚಕ್ರ ಕೆಳಗೆ ಇಳಿಯುವ ದೂರ ಜಾಸ್ತಿ. ಹಂಪು ದಾಟಿ ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗಿನ ಮೇಲೆ ಭಾರವೇ ಇರುವುದಿಲ್ಲ, ಕೂರುವ ಜಾಗ ಬಿಟ್ಟು ಮೇಲೇಳುತ್ತೆ, ಮತ್ತೆ ಭಾರ ಬಿದ್ದಾಗ ಟಕ್ ಅಂತ ಕೂರುತ್ತೆ. ಟ್ರ್ಯಾಕಿನಲ್ಲೂ ಇದೇ ಆಗುತ್ತಿರಬೇಕು. ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟಿರುವ ಫೋಟೋ ಅಳಿಯನೇ ಹೆಮ್ಮೆಯಿಂದ ಕಳಿಸಿದ್ದ. ಜೊತೆಗೆ ಇನ್ನೊಂದು. ಆಕ್ಸಲ್ ಬೋಲ್ಟುಗಳನ್ನು ಗಾಡಿ ನೇತಾಡುತ್ತಿದ್ದಾಗಲೇ ಬಿಗಿದಿದ್ದಾರೆ ಅಂತ ಭಾಯ್ ತೋರಿಸಿದರು. ಗಾಡಿಯ ಭಾರ ಚಕ್ರದ ಮೇಲಿದ್ದಾಗ ಬಿಗಿಯಬೇಕು, ಇಲ್ಲದಿದ್ದರೆ ಬುಷ್ಷಿನ ರಬ್ಬರು ಯಾವ ಹೊತ್ತೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಒಂದು ಕಡೆ ಆಗಲೇ ಸೀಳು ಬಿಟ್ಟಿತ್ತು. ಬಿಗಿದವರು ಯಾರೋ, ಕೂಲಿ ಮಾತ್ರ ಸಾವಿರಗಳಲ್ಲಿ ತೆಗೆದುಕೊಂಡಿದ್ದರು ಅಂತ ಅಳಿಯನ ಬಿಲ್ಲು ಹೇಳುತ್ತೆ.

ಭಾಯ್ ಸ್ಪ್ರಿಂಗಿನ ಕೊನೆಯ ಸುತ್ತಿಗೆ ದಪ್ಪ ಹೋಸ್ ಪೈಪು ಸೀಳಿ ತೊಡಿಸಿದರು. ಇದು ಗಾಯಕ್ಕೆ ಪಟ್ಟಿ ಅಷ್ಟೇ, ಸರಿಯಾದ ಸ್ಪ್ರಿಂಗು ಹಾಕಿಸೋಕೆ ಹೇಳಿ ಅಂದರು. ಬೋಲ್ಟು ಸಡಿಲಿಸಿ, ಗಾಡಿ ಇಳಿಸಿ, ಮತ್ತೆ ಬಿಗಿದರು. ಮುನ್ನೂರು ರೂಪಾಯಿ.

ಈಗ ಟಕ ಟಕ ಮುಕ್ಕಾಲು ಪಾಲು ಹೋಗಿದೆ. ಅದು ಹೋದ ಮೇಲೆ ಗೊತ್ತಾಯಿತು, ಅದರ ಅಡಿಯಲ್ಲಿ ಚಿಣ್ ಚಿಣ್ ಅಂತ ಇನ್ನೊಂದಿತ್ತು. ಬಾಗಿಲಿನದೋ, ಸೀಟ್ ಬೆಲ್ಟಿನ ಕೊಂಡಿಯದೋ. ಅಳಿಯನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಸ್ಪ್ರಿಂಗು ಉದ್ದದ್ದು ಹಾಕಿದರೆ ಕಾರು ಎತ್ತರವಾಗುತ್ತೆ, ತಿರುವಿನಲ್ಲಿ ವಾಲುತ್ತೆ, ಆಗಲ್ಲ ಅಂದ. ಭಾರವಿಲ್ಲದಾಗ ಜಾಗ ತುಂಬುವ ಸಣ್ಣ ಸಹಾಯಕ ಸ್ಪ್ರಿಂಗು ಬರುತ್ತೆ, ತರಿಸುತ್ತೇನೆ ಅಂದ. ತರಿಸಲಿಲ್ಲ. ತರಿಸಿದ್ದು ಹೊಸ ಹೆಲ್ಮೆಟ್ಟು.

ಮೊನ್ನೆ ಅವನ ಜೊತೆ ಮಾತಾಡುತ್ತಿದ್ದಾಗ ಅಕ್ಕ ಫೋನು ಕಿತ್ತುಕೊಂಡಳು. ಬರುವ ಭಾನುವಾರ ವಿದುರಾಶ್ವತ್ಥಕ್ಕೆ ಬರುತ್ತಾಳಂತೆ, ನಾಗರಪೂಜೆಯ ಹರಕೆ ಬಾಕಿಯಿದೆಯಂತೆ, ಮಗನ ಕಾರು ಅಲ್ಲೇ ಇದೆಯಲ್ಲ, ಅದರಲ್ಲೇ ಹೋಗೋಣ ಅಂದಳು.

"ಅದ್ರಲ್ಲಿ ಹಿಂದಿನ ಸೀಟೇ ಇಲ್ಲ ಅಕ್ಕ."

"ಸೀಟಿಲ್ದೆ ಇದ್ರೆ ಏನಾಯ್ತು, ಚಾಪೆ ಹಾಕು. ಸದ್ದು ಗಿದ್ದು ಬರಲ್ಲ ತಾನೆ?"