ಸ್ಪಷ್ಟನೆ: ಡೊಲೋರೆಸ್ ಓರಿಯಾರ್ಡನ್ ಆತ್ಮಹತ್ಯೆ ಮಾಡಿಕೊಂಡಿಲ್ಲ

ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. ಮೈತುಂಬ ಚಿನ್ನದ ಬಣ್ಣ ಬಳಿದುಕೊಂಡ ಗಾಯಕಿ, ಹಿಂದೆ ದೊಡ್ಡ ಶಿಲುಬೆ. ಕೆಳಗೆ, ‘ದೆವ್ವದ ಹಾಡು ಹಾಡಿ ಕೊನೆಗೆ ಆತ್ಮಹತ್ಯೆ ಮಾಡಿಕೊಂಡಳು, ಮಕ್ಕಳಿಗೆ ಕೇಳಿಸಬೇಡಿ’ ಎಂದಿದೆ. ಎರಡು ಮಾತೂ ಸುಳ್ಳು.

ಆಕೆ ಐರ್ಲೆಂಡಿನ ಲಿಮರಿಕ್ ಕಡೆಯ ಡೊಲೋರೆಸ್ ಓರಿಯಾರ್ಡನ್, ಕ್ರ್ಯಾನ್‌ಬೆರೀಸ್ ತಂಡದ ಗಾಯಕಿ. ತೀರಿಕೊಂಡದ್ದು 2018ರ ಜನವರಿ 15ರಂದು, ಲಂಡನ್ನಿನ ಹೋಟೆಲೊಂದರಲ್ಲಿ. ವಯಸ್ಸು 46. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿನ ಕೊರೋನರ್ ನ್ಯಾಯಾಲಯ (ಅಸಹಜ ಸಾವುಗಳ ಕಾರಣ ತಿಳಿಯುವ ನ್ಯಾಯಾಲಯ) ವಿಚಾರಣೆ ಮುಗಿಸಿ, ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯ ನೀರಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ತೀರ್ಮಾನಿಸಿತು. ತನಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇರುವುದನ್ನು ಆಕೆಯೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು, ನಿಜ. ಹಾಗೆಂದು ಸಾವಿನ ಕಾರಣವನ್ನು ನಾವು ಊಹಿಸಿ ಬರೆಯುವಂತಿಲ್ಲ.

ಇನ್ನು ಆ ಹಾಡು. 1994ರ ‘ಝೋಂಬಿ’ಗೂ ದೆವ್ವಕ್ಕೂ ಸಂಬಂಧವೇ ಇಲ್ಲ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪೇಟೆಯಲ್ಲಿ, ಉತ್ತರ ಐರ್ಲೆಂಡಿನ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಎಂಬ ಸಶಸ್ತ್ರ ಗುಂಪು ಇಟ್ಟ ಬಾಂಬಿಗೆ ಇಬ್ಬರು ಹುಡುಗರು ಬಲಿಯಾದರು. ಒಬ್ಬನಿಗೆ ಮೂರು ವರ್ಷ, ಇನ್ನೊಬ್ಬನಿಗೆ ಹನ್ನೆರಡು. ಆ ಸಂಕಟದಲ್ಲಿ ಡೊಲೋರೆಸ್ ಬರೆದ ಹಾಡದು. ಪಲ್ಲವಿಯಲ್ಲಿ ದನಿ ಒಡೆದು ಒಡೆದು ಮೇಲೇರುತ್ತದಲ್ಲ, ಅದು ಮಕ್ಕಳನ್ನು ಕಳೆದುಕೊಂಡವರ ಗೋಳು. ನನಗಂತೂ ಬೇರೆ ರೀತಿ ಕೇಳಿಸಿದ್ದೇ ಇಲ್ಲ. ಚಿನ್ನದ ಬಣ್ಣ, ಶಿಲುಬೆ ಎಲ್ಲ ಆ ಹಾಡಿನ ವಿಡಿಯೊದ್ದು, ಯಾವ ಪೂಜೆಯದ್ದೂ ಅಲ್ಲ.

ಡೊಲೋರೆಸ್‌ಗೆ ಮೂವರು ಮಕ್ಕಳಿದ್ದಾರೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಳಿಸಿ, ಅದೇ ಗುಂಪಿಗೆ ಇದನ್ನು ಹಾಕಿ.