ಹನ್ನೆರಡು ಇಂಪಿ, ನಾಲ್ಕು ಕ್ರಾಸ್‌ಬೋ

ಹೋದ ಶನಿವಾರ ರಾತ್ರಿ ಸಿವಿಲೈಸೇಶನ್ 5 ಅನ್ನೋ, ಸರದಿ (ಟರ್ನ್) ಮೇಲೆ ಸಾಮ್ರಾಜ್ಯ ಕಟ್ಟೋ ಕಂಪ್ಯೂಟರ್ ಆಟದಲ್ಲಿ ನಾನು ಸೋಲ್ಬೇಕಿತ್ತು. ಸೋಲೋ ಹಾಗೇ ಆಡಿದ್ದೆ ಕೂಡ. ಮೂರೇ ಮೂರು ಊರು, ಖಜಾನೆ ಖಾಲಿ, ಸೈನ್ಯ ಕಟ್ಟೋ ಟೈಮಲ್ಲಿ ವಂಡರ್ (ಪಿರಮಿಡ್ ಥರದ ಮಹಾ ಕಟ್ಟಡ) ಕಟ್ಕೊಂಡು ಕೂತಿದ್ದೆ, ಅದನ್ನೂ ಇನ್ಯಾರೋ ಎರಡು ಟರ್ನ್ ಮುಂಚೆ ಮುಗಿಸಿಬಿಟ್ರು. ಪಕ್ಕದಲ್ಲಿ ಜುಲು ದೊರೆ ಷಾಕಾ, 12 ಇಂಪಿ (ಜುಲು ಈಟಿ ಸೈನಿಕರು) ತಗೊಂಡು ಬಂದ.

ನನ್ನ ಹತ್ರ ಇದ್ದಿದ್ದು 4 ಕ್ರಾಸ್‌ಬೋ, ಒಬ್ಬ ಪೈಕ್‌ಮ್ಯಾನ್, ಅಂದ್ರೆ ಬಿಲ್ಲಿನವ್ರು ನಾಲ್ಕು, ಉದ್ದ ಈಟಿಯವ್ನು ಒಬ್ಬ. ಆದ್ರೆ ಬೆಟ್ಟಕ್ಕೂ ಕೆರೆಗೂ ಮಧ್ಯ ಒಂದೇ ಟೈಲ್ (ಮ್ಯಾಪಿನ ಒಂದು ಮನೆ) ದಾರಿ. ಪೈಕ್‌ಮ್ಯಾನ್‌ನ ಅಲ್ಲಿ ಅಡ್ಡ ನಿಲ್ಸಿ, ಹಿಂದೆ ಕ್ರಾಸ್‌ಬೋ ಇಟ್ಟೆ. ಬಂದವ್ರು ಒಬ್ಬೊಬ್ರಾಗಿ ಸತ್ರು, ಹಿಂದಿನವ್ರು ಮುಂದೆ ಬರಕ್ಕೆ ಜಾಗ ಇಲ್ದೆ ಹಂಗೇ ನಿಂತಿದ್ರು. 9 ಟರ್ನ್‌ನಲ್ಲಿ ಯುದ್ಧ ಮುಗೀತು, ನನ್ನ ಕಡೆ ಒಂದೂ ಯೂನಿಟ್ ಹೋಗ್ಲಿಲ್ಲ. ಖುಷೀಲಿ ತಮ್ಮನಿಗೆ ಸ್ಕ್ರೀನ್‌ಶಾಟ್ ಕಳಿಸ್ದೆ. ಅವನು ಹೇಳಿದ್ದು: "ಅಣ್ಣಾ, ನೀನೇನೂ ಗೆದ್ದಿಲ್ಲ, ಅವನಿಗೆ ಟ್ರಾಫಿಕ್ ಜಾಮ್ ಆಯ್ತು ಅಷ್ಟೆ."

ಉರಿ ಹತ್ತಿತು, ಆದ್ರೆ ಅವನು ಹೇಳಿದ್ದು ಸರಿ. ಸಾಮ್ರಾಜ್ಯ ಕಟ್ಟೋ ಆಟದಲ್ಲಿ 100 ಟರ್ನ್ ಮಾಡಿದ ತಪ್ಪನ್ನ ಒಂದು ಸಂದಿ ಮುಚ್ಚಾಕ್ಬಿಡ್ತು ಅಂದ್ರೆ ಆ ಸಾಮ್ರಾಜ್ಯ ಕಟ್ಟಿದ್ದಾದ್ರೂ ಯಾಕೆ?

ಇದೇ ಸಿವಿಲೈಸೇಶನ್‌ನ ಹಿಂದಿನ ಆಟ, 2005ರ ಸಿವ್ 4ರಲ್ಲಿ ಈ ಸಂದಿ ಉಪಾಯ ನಡೀತಿರ್ಲಿಲ್ಲ. ಅಲ್ಲಿ ಒಂದೇ ಟೈಲ್‌ನಲ್ಲಿ ಎಷ್ಟು ಯೂನಿಟ್ ಬೇಕಾದ್ರೂ ಪೇರಿಸ್ಬೋದು, ಸ್ಟ್ಯಾಕ್ ಆಫ್ ಡೂಮ್ ಅಂತ ಬೈತಿದ್ವಿ. ನೋಡಕ್ಕೆ ಬೋರೇ, ಒಪ್ತೀನಿ. ಆದ್ರೆ ಅದು ಬರೀ ಲೆಕ್ಕದ ಗುಂಪಲ್ಲ: ದಾಳಿ ಮಾಡಿದವ್ನ ಎದುರು ಸ್ಟ್ಯಾಕಲ್ಲಿ ಯಾರು ಚೆನ್ನಾಗಿ ತಡೀತಾರೋ ಅವ್ರೇ ಮುಂದೆ ಬರ್ತಾರೆ, ಕುದುರೆ ಬಂದ್ರೆ ಈಟಿಯವ್ನು. ದೊಡ್ಡ ಸ್ಟ್ಯಾಕ್ ಒಡೀಬೇಕಂದ್ರೆ ಮೊದ್ಲು ಕಲ್ಲೆಸೆಯೋ ಎರಡು ಕ್ಯಾಟಪಲ್ಟ್‌ನ ಸಾಯಕ್ಕೇ ಕಳಿಸ್ಬೇಕು, ಅವು ಸತ್ರೂ ಆ ಸ್ಟ್ಯಾಕಲ್ಲಿರೋ ಹಲವರಿಗೆ ಏಟು ಬೀಳತ್ತೆ. ಅಂದ್ರೆ ಯಾವ ಯೂನಿಟ್ ಎಷ್ಟು ಬೇಕು, ಯಾವ ಊರಲ್ಲಿ ತಯಾರಾಗ್ಬೇಕು, ಗಡಿವರ್ಗೂ ರೋಡ್ ಇದ್ಯಾ, ಇದೆಲ್ಲ 30 ಟರ್ನ್ ಮುಂಚೇನೇ ಯೋಚ್ನೆ ಮಾಡಿರ್ಬೇಕಿತ್ತು.

2010ರಲ್ಲಿ ಸಿವ್ 5 ಬಂದು ಷಡ್ಭುಜದ ಟೈಲು, ಒಂದು ಟೈಲ್‌ಗೆ ಒಂದೇ ಸೈನ್ಯ ಅಂತ ಮಾಡ್ತು. ಮೊದಲ ವಾರ ನಾನೂ ಕುಣಿದಾಡಿದ್ದೆ. ಆಮೇಲೆ ಗೊತ್ತಾಯ್ತು, ಇಬ್ರಿಗೂ ಸೈನ್ಯ ಜಾಸ್ತಿಯಾದ್ರೆ ಮ್ಯಾಪೆಲ್ಲ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರ್ಕೆಟ್. ಅಳತೆನೂ ತಮಾಷೆ: ಭೂಮಿಯ ಮ್ಯಾಪಲ್ಲಿ ಆಡಿದ್ರೆ ಕರ್ನಾಟಕ ಅಂದ್ರೆ ಎರಡ್ಮೂರು ಟೈಲ್, ಕ್ರಾಸ್‌ಬೋ ರೇಂಜ್ ಎರಡು ಟೈಲ್, ಬೆಂಗಳೂರಲ್ಲಿ ನಿಂತು ಬಾಣ ಬಿಟ್ರೆ ಹುಬ್ಬಳ್ಳಿ ಹತ್ರ ಬೀಳತ್ತೆ! ಇದನ್ನ ಕಂಪ್ಯೂಟರ್‌ಗೆ ಸರಿಯಾಗಿ ಆಡಕ್ಕೂ ಬರಲ್ಲ, ಮೇಲಿನ ಲೆವೆಲ್‌ಗಳಲ್ಲಿ ಅದಕ್ಕೆ ಬೋನಸ್ ಸುರಿದ್ರೂ ಅಷ್ಟೆ.

ನಿಜವಾದ ಯುದ್ಧದಲ್ಲಿ ಉಲ್ಟಾ ಆಗಿರೋದು ನಮ್ಮೂರ ಪಕ್ಕದಲ್ಲೇ ಇದೆ. 1791ರ ಮಾರ್ಚ್ 21ಕ್ಕೆ ಇಂಗ್ಲಿಷರ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನಿಂದ ಬೆಂಗಳೂರು ಕೋಟೆ ತಗೊಂಡ, ಮೇ 15ಕ್ಕೆ ಅರಕೆರೆಲೂ ಗೆದ್ದ (ಬನ್ನೇರುಘಟ್ಟ ರೋಡಿಂದಲ್ಲ, ಶ್ರೀರಂಗಪಟ್ಟಣದ ಹತ್ರದ್ದು). ಗೆದ್ದು ಏನ್ಮಾಡ್ದ? ಮಳೆ, ತಿನ್ನಕ್ಕಿಲ್ಲ, ಸಾಮಾನು ಎಳೆಯೋ ಎತ್ತುಗಳು ಸತ್ವು, ದೊಡ್ಡ ತೋಪುಗಳನ್ನ ತಾನೇ ಹಾಳು ಮಾಡಿ ಬೆಂಗಳೂರಿಗೆ ವಾಪಸ್ ಹೊರಟ. ತಯಾರಿ ಮಾಡ್ಕೊಂಡು ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದಿದ್ದು 1792ರ ಫೆಬ್ರವರಿಗೆ. ಆ ಎತ್ತುಗಳು ಯಾವ ಆಟದಲ್ಲೂ ನಂಗೆ ಸರಿಯಾಗಿ ಸಿಕ್ಕಿಲ್ಲ.

ಕಾದಾಟದಲ್ಲಿ ಕೈಚಳಕನೇ ಬೇಡ ಅಂತಿಲ್ಲ ನಾನು. 1994ರ ಮಾಸ್ಟರ್ ಆಫ್ ಮ್ಯಾಜಿಕ್ ಅನ್ನೋ ಆಟದಲ್ಲಿ 9 ಯೂನಿಟ್ ಒಟ್ಟಿಗೆ ಓಡಾಡತ್ತೆ, ಕಾದಾಟಕ್ಕೆ ಬೇರೆ ಸ್ಕ್ರೀನ್. ಅದು ಸರಿ. 2025ರ ಸಿವ್ 7ರಲ್ಲಿ ಕಮಾಂಡರ್ ಒಳಗೆ ಸೈನ್ಯ ತುಂಬ್ಕೊಂಡು ಹೋಗಿ ಗಡೀಲಿ ಇಳಿಸ್ಬೋದು, ಜಾಮ್ ಕಡಿಮೆ ಆಗಿದೆ, ಆದ್ರೂ ಇಳಿಸಿದ್ಮೇಲೆ ಅದೇ ಕಥೆ.

ತಮ್ಮ ಈಗ ಸಿವ್ 4ರ ಸೇವ್ ಫೈಲ್ ಒಂದು ಕಳಿಸಿದಾನೆ, "ಇದ್ರಲ್ಲಿ ಷಾಕಾನ ಗೆದ್ದು ತೋರ್ಸು" ಅಂತ. ಬೆಟ್ಟನೂ ಇಲ್ಲ ಕೆರೆನೂ ಇಲ್ಲ, ಬರೀ ಬಯಲು. 14 ಯೂನಿಟ್ ರೆಡಿ ಇದೆ, ಆದ್ರೆ ಗಡಿವರ್ಗೂ ರೋಡ್ ಆಗಕ್ಕೆ ಇನ್ನೂ 6 ಟರ್ನ್ ಬೇಕು. ಕಾಯ್ತಿದೀನಿ.